ಬಟ್ಟಲಿನ ತಳ ನೋಡುವ ತಟ್ಟೆಯಕ್ಕ

ಬೆಳಗಿನ ಐದು ಗಂಟೆ. ಸಂತೆಬೀದಿಗೆ ಇನ್ನೂ ಗಿರಾಕಿ ಬಂದಿಲ್ಲ. ಸುಟ್ಟ ಮೀನಿನ ಅಂಗಡಿಯಲ್ಲಿ ಕೆಂಡಕ್ಕೆ ಗಾಳಿ ಬೀಸುತ್ತಿದ್ದಾರೆ. ಕರಿದ ತಿಂಡಿಯ ಬಾಣಲೆಗೆ ಎಣ್ಣೆ ಬೀಳುತ್ತಿದೆ. ಯಾರೋ ಮೇಜುಗಳನ್ನು ದರದರ ಎಳೆದು ಸಾಲಿಗೆ ನಿಲ್ಲಿಸುತ್ತಿದ್ದಾರೆ. ಬೀದಿಯ ಕಟ್ಟಕಡೆಯಲ್ಲಿ, ತಗಡಿನ ಮಾಡಿನ ಕೆಳಗೆ, ಒಬ್ಬ ಹೆಂಗಸು ಮೂರು ದೊಡ್ಡ ಟಬ್ಬುಗಳಿಗೆ ನೀರು ತುಂಬಿಸುತ್ತಿದ್ದಾರೆ. ಮೊದಲನೆಯದಕ್ಕೆ ತಣ್ಣೀರು, ಎರಡನೆಯದಕ್ಕೆ ಸೋಪಿನ ನೀರು, ಮೂರನೆಯದಕ್ಕೆ ಒಲೆಯಿಂದ ಇಳಿಸಿದ ಬಿಸಿನೀರು. ಬಿಸಿ ಸಾಕೋ ಬೇಕೋ ಎಂದು ನೋಡಲು, ಎಳೆಗೂಸಿಗೆ ಸ್ನಾನ ಮಾಡಿಸುವವರ ಹಾಗೆ, ಮೊಣಕೈಯನ್ನು ಅದ್ದಿ ನೋಡುತ್ತಾರೆ. ಸಾಲದು ಅನ್ನಿಸಿದರೆ ಇನ್ನೊಂದು ಚೊಂಬು ಸುರಿಯುತ್ತಾರೆ.

ಇವರನ್ನು ಇಡೀ ಬೀದಿ ಕರೆಯುವುದು ತಟ್ಟೆಯಕ್ಕ ಎಂದು. ವಯಸ್ಸು ಐವತ್ತೆಂಟು. ಮೂವತ್ತೊಂದು ವರ್ಷದಿಂದ ಇದೇ ನಲ್ಲಿ, ಇದೇ ಮಾಡು, ಇದೇ ಮೂರು ಟಬ್ಬು. ‘ಟಬ್ಬು ಮಾತ್ರ ಇದೇ ಅಲ್ಲ. ಇದು ಏಳನೇ ಜೊತೆ. ಮನುಷ್ಯರು ತಡ್ಕೋತಾರೆ, ಪ್ಲಾಸ್ಟಿಕ್ ತಡ್ಕೊಳ್ಳಲ್ಲ,’ ಎಂದು ತಿದ್ದುತ್ತಾರೆ.

ಆರು ಗಂಟೆಗೆ ಬೀದಿ ತುಂಬುತ್ತದೆ. ಕೆಲಸಕ್ಕೆ ಹೊರಟವರು, ರಾತ್ರಿ ಪಾಳಿ ಮುಗಿಸಿ ಬಂದವರು, ಮಕ್ಕಳನ್ನು ಶಾಲೆಗೆ ಬಿಡಲು ಬಂದವರು, ಇವರೆಲ್ಲರ ನಡುವೆ ಬೆನ್ನಿಗೆ ಚೀಲ ಕಟ್ಟಿಕೊಂಡ ಪ್ರವಾಸಿಗರು. ಇವರು ತಿನ್ನಲೆಂದೇ ದೇಶ ದೇಶ ಸುತ್ತುವ ಜನ. ಹಬೆ ಏಳುವ ಪಾತ್ರೆಯ ಫೋಟೊ ತೆಗೆಯುತ್ತಾರೆ, ಕೆಂಡದ ಮೇಲಿನ ಮೀನಿನ ಫೋಟೊ ತೆಗೆಯುತ್ತಾರೆ, ಬಾಯಿಗಿಡುವ ಮೊದಲು ಪ್ರತಿ ತುತ್ತಿನ ಫೋಟೊ ತೆಗೆಯುತ್ತಾರೆ. ತಿಂದಾದ ಮೇಲಿನ ತಟ್ಟೆಯ ಫೋಟೊ ಮಾತ್ರ ಈವರೆಗೆ ಯಾರೂ ತೆಗೆದದ್ದು ಕಂಡಿಲ್ಲ. ಬೀದಿಯ ಅಸಲು ಸಮಾಚಾರ ಇರುವುದು ಅದರಲ್ಲೇ ಎಂಬುದು ತಟ್ಟೆಯಕ್ಕನಿಗೆ ಗೊತ್ತು.

ಈ ಬೀದಿಯಲ್ಲಿ ಹತ್ತೊಂಬತ್ತು ಅಂಗಡಿಗಳಿವೆ. ಮೇಜುಗಳು ಎಲ್ಲರಿಗೂ ಸೇರಿದವು. ಯಾವ ಅಂಗಡಿಯಲ್ಲಿ ಕೊಂಡರೂ ಎಲ್ಲಿ ಬೇಕಾದರೂ ಕೂತು ತಿನ್ನಬಹುದು. ಎದ್ದು ಹೋದ ಮೇಲೆ ಮೇಜು ಒರೆಸುವವರು ಎಲ್ಲವನ್ನೂ ಒಟ್ಟು ಮಾಡಿ ಗಾಡಿಯಲ್ಲಿ ತಂದು ಇವರ ಮುಂದೆ ಸುರಿಯುತ್ತಾರೆ. ಯಾರ ತಟ್ಟೆ ಯಾವುದು ಎಂದು ಗೊತ್ತಾಗಲು ಅಂಚಿಗೆ ಬಣ್ಣವಿದೆ: ಸಾರಿನಂಗಡಿಯ ಬಟ್ಟಲಿಗೆ ನೀಲಿ, ಮೀನಿಗೆ ಕೆಂಪು, ಕರಿದ ತಿಂಡಿಗೆ ಹಳದಿ. ಹೀಗೆ ಹತ್ತೊಂಬತ್ತು ಬಣ್ಣಗಳಾಗುವಷ್ಟರಲ್ಲಿ ಲೋಕದ ಬಣ್ಣಗಳೇ ಮುಗಿದುಹೋಗಿ, ಕೊನೆಯ ಮೂರು ಅಂಗಡಿಯವರು ಗೆರೆ, ಚುಕ್ಕಿ ಎಂದು ಹೊಂದಿಸಿಕೊಂಡಿದ್ದಾರೆ. ಆರು ಗಂಟೆಯಿಂದ ಹನ್ನೆರಡರವರೆಗೆ ಸುಮಾರು ಸಾವಿರದ ನಾನೂರು ತಟ್ಟೆ, ಬಟ್ಟಲುಗಳು. ಅಂದರೆ ನಿಮಿಷಕ್ಕೆ ನಾಲ್ಕು. ಎಂಜಲನ್ನು ಬಕೆಟ್ಟಿಗೆ ಬಳಿದು, ಮೂರು ನೀರು ಕಾಣಿಸಿ, ಬಣ್ಣ ನೋಡಿ ಜೋಡಿಸಬೇಕು. ಆ ಬಳಿಯುವ ಅರೆಗಳಿಗೆಯಲ್ಲೇ ಅವರ ಕಣ್ಣು ಓದಿ ಮುಗಿಸಿರುತ್ತದೆ.

ಏನು ಓದುತ್ತಾರೆ ಎಂದು ಕೇಳಿದರೆ ಮೊದಲು ನಕ್ಕುಬಿಡುತ್ತಾರೆ. ಆಮೇಲೆ ಕೈಗೆ ಸಿಕ್ಕ ಹಳದಿ ಅಂಚಿನ ತಟ್ಟೆಯೊಂದನ್ನು ಬೆಳಕಿಗೆ ಹಿಡಿಯುತ್ತಾರೆ. ‘ಇಲ್ಲಿ ನೋಡಿ, ಎಣ್ಣೆ ಉಂಗುರದ ಥರ ನಿಂತಿದೆ. ಹೊಸ ಎಣ್ಣೆ ಹೀಗೆ ನಿಲ್ಲಲ್ಲ, ಹರಡಿಕೊಳ್ಳತ್ತೆ. ಅತ್ತಿಗೆ ನಿನ್ನೇದೇ ಎಣ್ಣೇಲಿ ಕರೀತಿದ್ದಾಳೆ.’ ಬೀದಿಯೆಲ್ಲ ಅತ್ತಿಗೆ ಎಂದು ಕರೆಯುವ ಕರಿದ ತಿಂಡಿಯವಳು ಆ ಕಡೆಯಿಂದ ಬಾಯಿ ಮಾಡುತ್ತಾಳೆ: ‘ಊರಿಗೆಲ್ಲ ಡಂಗುರ ಹೊಡಿ!’ ಹತ್ತು ನಿಮಿಷದಲ್ಲಿ ಬಾಣಲೆಗೆ ಹೊಸ ಎಣ್ಣೆ ಬೀಳುತ್ತದೆ.

ತಟ್ಟೆಯಿಂದ ತಿಂದವರ ಗುಣವೂ ಗೊತ್ತಾಗುತ್ತದಂತೆ. ಮೀನಿನ ಮುಳ್ಳುಗಳನ್ನು ಅಂಚಿಗೆ ಸಾಲಾಗಿ ಜೋಡಿಸಿ ಹೋಗುವವರು ಮೇಷ್ಟ್ರು ಅಥವಾ ಬ್ಯಾಂಕಿನವರು. ಒಂದೇ ತಟ್ಟೆಯಲ್ಲಿ ಎರಡು ಚಮಚ, ನಡುವೆ ಗೆರೆ ಎಳೆದ ಹಾಗೆ ಅರ್ಧ ಖಾಲಿ, ಅರ್ಧ ತುಂಬಿದ್ದರೆ ಗಂಡ ಹೆಂಡತಿ ಜಗಳ ಆಡಿದ್ದಾರೆ. ಎಲ್ಲವನ್ನೂ ಒಂದೊಂದು ತುತ್ತು ಮುಟ್ಟಿ ಬಿಟ್ಟಿದ್ದರೆ ಪ್ರವಾಸಿಗರು. ‘ಪಾಪ, ಅವರ ಹೊಟ್ಟೆ ಒಂದು, ಅಂಗಡಿ ಹತ್ತೊಂಬತ್ತು. ಏನು ಮಾಡ್ತಾರೆ?’

ಮನೆಯಲ್ಲೂ ಈ ಓದು ನಿಂತದ್ದಿಲ್ಲ. ಸಂತೆಬೀದಿಯ ಹಿಂದಿನ ಗಲ್ಲಿಯಲ್ಲಿ, ಬೆತ್ತದ ಕುರ್ಚಿ ರಿಪೇರಿ ಅಂಗಡಿಯ ಮೇಲೆ ಒಂದು ಕೋಣೆ, ಒಂದು ಅಡುಗೆಮೂಲೆ. ಗಂಡ ಇದೇ ಸಂತೆಯಲ್ಲಿ ಮೂಟೆ ಹೊರುತ್ತಿದ್ದವರು. ಮದುವೆಯಾದ ಎರಡನೇ ವರ್ಷ ಮೆಟ್ಟಿಲಿನಿಂದ ಬಿದ್ದು ಬೆನ್ನು ಹೋಯಿತು. ಈಗ ಕೆಳಗಿನ ಅಂಗಡಿಯವರಿಗೆ ಕೂತಲ್ಲೇ ಬೆತ್ತ ಹೆಣೆದು ಕೊಡುತ್ತಾರೆ. ‘ನಾನು ತಟ್ಟೇಲಿ ಒಂದು ಅಗುಳೂ ಬಿಡಲ್ಲ. ಬಿಟ್ರೆ ನನ್ನ ಜಾತಕ ಓದಿಬಿಡ್ತಾಳೆ ಮಾರಾಯ್ತಿ,’ ಎನ್ನುತ್ತಾರೆ ಅವರು, ಬೆತ್ತದ ಎಳೆಯನ್ನು ಹಲ್ಲಲ್ಲಿ ಕಚ್ಚಿಕೊಂಡೇ.

ಗಂಡ ಹಾಸಿಗೆ ಹಿಡಿದ ವಾರವೇ ಈ ಕೆಲಸ ಸಿಕ್ಕಿದ್ದು. ಕೊಡಿಸಿದವರು ಸಾರಿನಂಗಡಿಯವರು. ಆಗ ಅವರಿಗೆ ನಲವತ್ತೈದು, ಈಗ ಎಪ್ಪತ್ತಾರು. ಬೀದಿಗೆಲ್ಲ ಅವರು ಸಾರಿನಜ್ಜ, ಅಂಗಡಿಗಳ ಸಂಘಕ್ಕೆ ಅಧ್ಯಕ್ಷರು. ತಟ್ಟೆಯಕ್ಕನಿಗೆ ಮಾತ್ರ ಇವತ್ತಿಗೂ ಅಣ್ಣ. ಮೂಳೆ, ಸೊಪ್ಪು ಹಾಕಿ ಕುದಿಸಿದ ಸಾರು, ಅದರೊಳಗೆ ಶಾವಿಗೆ. ಅಜ್ಜನ ಅಂಗಡಿಯಲ್ಲಿ ಇರುವುದು ಇಷ್ಟೇ. ಅದಕ್ಕೇ ಜನ ಮುಗಿಬೀಳುತ್ತಾರೆ. ಅಳತೆ ಇಲ್ಲ, ಚಮಚ ಇಲ್ಲ. ಅಂಗೈಯಲ್ಲಿ ಉಪ್ಪು ಹಿಡಿದು, ಸೌಟಿನಿಂದ ಮೂರು ಸಲ ರುಚಿ ನೋಡಿ ಹಾಕುತ್ತಿದ್ದರು. ಆ ಪಾತ್ರೆಯ ಮೊದಲ ಬಟ್ಟಲು ಐದೂವರೆಗೆ ತಟ್ಟೆಯಕ್ಕನಿಗೆ. ಮೂವತ್ತೊಂದು ವರ್ಷದಲ್ಲಿ ಇದು ತಪ್ಪಿದ್ದು ಅಜ್ಜ ಕಾಯಿಲೆ ಬಿದ್ದ ದಿನಗಳಲ್ಲಿ ಮಾತ್ರ.

ಅವರ ನೀಲಿ ಬಟ್ಟಲುಗಳನ್ನು ತೊಳೆಯುವುದೇ ಒಂದು ಸುಖ ಎನ್ನುತ್ತಾರೆ ತಟ್ಟೆಯಕ್ಕ. ಬಳಿಯಲು ಏನೂ ಇರುತ್ತಿರಲಿಲ್ಲ. ಕೈ ತೊಳೆಯಲು ನಲ್ಲಿಗೆ ಬರುವ ಪ್ರವಾಸಿಗರು ಎಲ್ಲಿ ತಿನ್ನುವುದು ಎಂದು ಕೈಸನ್ನೆಯಲ್ಲಿ ಕೇಳಿದರೆ ಇವರು ಬಾಯಲ್ಲಿ ಹೇಳುತ್ತಿರಲಿಲ್ಲ. ಆಗತಾನೇ ಬಂದ ಒಂದು ನೀಲಿ ಬಟ್ಟಲನ್ನು ಎತ್ತಿ ಬೋರಲು ಹಾಕಿ ತೋರಿಸುತ್ತಿದ್ದರು. ಒಂದು ಹನಿಯೂ ಬೀಳುತ್ತಿರಲಿಲ್ಲ. ಯಾವ ಭಾಷೆಯವರಿಗಾದರೂ ಇಷ್ಟು ಸಾಕು.

ಈ ಬೀದಿಗೆ ಪೇಪರ್ ಬಟ್ಟಲು ಬಂದದ್ದು ಕಳೆದ ಮಳೆಗಾಲದಲ್ಲಿ.

ತಂದವರು ಸಂಘದ ಕಾರ್ಯದರ್ಶಿ. ಒಳ್ಳೆಯ ಮನುಷ್ಯ, ಓದಿಕೊಂಡವರು, ಬೀದಿ ಚೆನ್ನಾಗಿರಲಿ ಎಂಬ ಆಸೆಯುಳ್ಳವರು. ಪ್ರವಾಸಿಗರಿಗೆ ಒಬ್ಬರು ತಿಂದ ತಟ್ಟೆಯಲ್ಲಿ ಇನ್ನೊಬ್ಬರು ತಿನ್ನುವುದು ಹಿಡಿಸುವುದಿಲ್ಲ, ನೀರೂ ಉಳಿಯುತ್ತದೆ ಎಂಬುದು ಅವರ ವಾದ. ಐದು ಅಂಗಡಿಗಳಲ್ಲಿ ಮೂರು ವಾರ ಪೇಪರ್ ಬಟ್ಟಲು, ಪೇಪರ್ ತಟ್ಟೆ ಬಳಸಿ ನೋಡುವುದು. ಆಮೇಲೆ ಶನಿವಾರ ಮಧ್ಯಾಹ್ನದ ಸಭೆಯಲ್ಲಿ ಕೈ ಎತ್ತಿ ತೀರ್ಮಾನ ಮಾಡುವುದು. ಹೂಂ ಎಂದರೆ ಹತ್ತೊಂಬತ್ತು ಅಂಗಡಿಗೂ ಪೇಪರೇ, ತಟ್ಟೆಯಕ್ಕನ ಮೂರು ಟಬ್ಬಿಗೂ ರಜೆ. ಪರೀಕ್ಷೆಯ ಐದು ಅಂಗಡಿಗಳಲ್ಲಿ ಮೊದಲನೆಯದು ಸಾರಿನಜ್ಜನದೇ. ಅಧ್ಯಕ್ಷರು ಮುಂದೆ ನಿಲ್ಲದಿದ್ದರೆ ಉಳಿದವರು ಒಪ್ಪುವುದು ಹೇಗೆ?

‘ಅಣ್ಣನೇ ನನಗೆ ಹೇಳೋಕೆ ಬಂದಿದ್ರು. “ಏನೂ ತಿಳ್ಕೋಬೇಡ ತಂಗಿ, ಬರೀ ಪರೀಕ್ಷೆ” ಅಂದ್ರು. ಆಗಲಿ ಅಂದೆ. ಬೇಜಾರಾಯ್ತು, ಯಾಕೆ ಸುಳ್ಳು ಹೇಳಲಿ? ರಾತ್ರಿ ಮನೇಲಿ ಅತ್ತಿದ್ದೂ ಉಂಟು.’ ನೂರ ಎಪ್ಪತ್ತು ನೀಲಿ ಬಟ್ಟಲುಗಳನ್ನು ಒಂದರ ಮೇಲೊಂದು ಪೇರಿಸಿ, ಹಳೆಯ ಲುಂಗಿಯೊಂದನ್ನು ಹೊದಿಸಿ ಗೋಡೆಯ ಪಕ್ಕ ಇಟ್ಟರು. ಧೂಳು ಕೂರಬಾರದೆಂದು ಸೋಮವಾರ ಸೋಮವಾರ ಒರೆಸುತ್ತಿದ್ದರು.

ಪರೀಕ್ಷೆ ಶುರುವಾಗುವ ವಾರ ಮೊದಲು ಅಜ್ಜನಿಗೆ ಜ್ವರ ಬಂದಿತ್ತು. ವಾರವಿಡೀ ಮಲಗಿ, ಪರೀಕ್ಷೆ ಶುರುವಾದ ದಿನವೇ ಎದ್ದರು. ಮೂಗು ಕಟ್ಟಿದೆ ಎನ್ನುತ್ತಲೇ ಮತ್ತೆ ಪಾತ್ರೆಯ ಮುಂದೆ ನಿಂತರು. ಎದ್ದು ಬಂದ ಮೊದಲ ದಿನ ತಟ್ಟೆಯಕ್ಕನಿಗೆ ತಮ್ಮ ಬಟ್ಟಲಿನ ಸಾರು ಉಪ್ಪುಪ್ಪಾಗಿ ಕಂಡಿತು. ಮಾರನೆಯ ದಿನವೂ ಕಂಡಿತು. ಮೂರನೆಯ ದಿನ ಕುಡಿಯಲಾಗದೆ, ಯಾರೂ ನೋಡದ ಹಾಗೆ ಬಿಸಿನೀರು ಬೆರೆಸಿಕೊಂಡು ಕುಡಿದರು.

ಹಾಗಿದ್ದರೆ ಆಗಲೇ ಹೇಳಬೇಕಿತ್ತಲ್ಲ ಎಂದರೆ ತಟ್ಟೆಯಕ್ಕ ತಲೆ ಚಚ್ಚಿಕೊಳ್ಳುತ್ತಾರೆ. ಅದಕ್ಕೂ ಎರಡು ತಿಂಗಳ ಮೊದಲು ಆಸ್ಪತ್ರೆಯಲ್ಲಿ ರಕ್ತದೊತ್ತಡ ಎಂದು ಹೇಳಿ ಉಪ್ಪನ್ನು ಅರ್ಧ ಮಾಡಿಸಿದ್ದರು. ಮನೆಯ ಅಡುಗೆ ಸಪ್ಪೆಯಾದ ಮೇಲೆ ಹೊರಗಿನದೆಲ್ಲ ಇವರಿಗೆ ಉಪ್ಪಾಗಿಯೇ ಕಾಣುತ್ತಿತ್ತು. ‘ನನ್ನ ನಾಲಿಗೇನೇ ಕೆಟ್ಟಿದೆ ಅಂದ್ಕೊಂಡೆ. ಅಣ್ಣನ ಕೈ ತಪ್ಪತ್ತೆ ಅಂತ ಹೇಗೆ ಅಂದ್ಕೊಳ್ಳಲಿ? ಮೂವತ್ತೊಂದು ವರ್ಷ ಆ ಕೈಯಿಂದ ಉಂಡಿದ್ದೀನಿ.’ ಬೇರೆಯವರ ಬಟ್ಟಲು ನೋಡಿದ್ದರೆ ಒಂದೇ ದಿನದಲ್ಲಿ ಗೊತ್ತಾಗುತ್ತಿತ್ತು. ಆದರೆ ಸಾರಿನಂಗಡಿಯ ಬಟ್ಟಲು ಈಗ ಇವರ ಹತ್ತಿರ ಬರುತ್ತಿರಲಿಲ್ಲ. ಅರ್ಧ ಕುಡಿದದ್ದೂ ಪೂರ್ತಿ ಕುಡಿದದ್ದೂ ಒಂದೇ ಸಮ ಕಸದ ಡಬ್ಬಿಗೆ ಹೋಗುತ್ತಿದ್ದವು.

ಒಂದು ದಿನ ಹುಬ್ಬಿನವರೆಗೆ ಟೋಪಿ ಎಳೆದುಕೊಂಡಿದ್ದ ಪ್ರವಾಸಿ ಹುಡುಗಿಯೊಬ್ಬಳು ನಲ್ಲಿಗೆ ಬಂದು ಎಲ್ಲಿ ತಿನ್ನಲಿ ಎಂದು ಕೇಳಿದಳು. ತೋರಿಸಲು ನೀಲಿ ಬಟ್ಟಲು ಇರಲಿಲ್ಲ. ಅಭ್ಯಾಸಬಲದಿಂದ ಸಾರಿನಂಗಡಿಯ ಕಡೆ ಕೈ ತೋರಿಸಿದರು. ಕಾಲು ಗಂಟೆಯಲ್ಲಿ ಹುಡುಗಿ ವಾಪಸ್ಸು ಬಂದು ನಲ್ಲಿಗೇ ಬಾಯಿ ಹಚ್ಚಿ ಗಟಗಟ ನೀರು ಕುಡಿದಳು. ಕೈಯಲ್ಲಿ ಏನೋ ಸನ್ನೆ ಮಾಡಿ, ನಕ್ಕು, ಹೊರಟುಹೋದಳು. ತಟ್ಟೆಯಕ್ಕನಿಗೆ ಆ ನಗು ಹಿಡಿಸಲಿಲ್ಲ. ನೆಂಟರ ಮನೆಯಲ್ಲಿ ಅಡುಗೆ ಕೆಟ್ಟಿದ್ದರೆ ನಗುತ್ತಾರಲ್ಲ, ಅಂಥ ನಗು. ಆದರೂ ಬಿಸಿಲು ಜಾಸ್ತಿ, ಬಾಯಾರಿಕೆ ಇರಬಹುದು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಸಭೆಯ ಹಿಂದಿನ ದಿನ, ಶುಕ್ರವಾರ, ಬೀದಿಗೆಲ್ಲ ಒಂದು ಸಣ್ಣ ಫಜೀತಿ. ಗುರುವಾರದ ಮಳೆಗೆ ತಾಡಪತ್ರಿ ಸೋರಿ ಪೇಪರ್ ಬಟ್ಟಲಿನ ಪೆಟ್ಟಿಗೆಗಳು ನೆನೆದು ಮುದ್ದೆಯಾಗಿದ್ದವು. ಸಾರಿನಜ್ಜನ ಮಗಳು ಓಡಿ ಬಂದಳು: ‘ಅಕ್ಕ, ಇವತ್ತೊಂದಿನ ಹಳೇ ಬಟ್ಟಲು ಕೊಡಿ.’ ತಟ್ಟೆಯಕ್ಕ ಲುಂಗಿ ಸರಿಸಿ, ಎಲ್ಲಕ್ಕೂ ಮತ್ತೊಂದು ಸಲ ಬಿಸಿನೀರು ಕಾಣಿಸಿ ಕಳಿಸಿಕೊಟ್ಟರು. ಆಗ ಅವರಿಗೆ ಹಿಗ್ಗೇ ಹಿಗ್ಗು.

ಆರೂವರೆಗೆ ಮೊದಲ ಗಾಡಿ ಬಂತು. ನೀಲಿ ಬಟ್ಟಲುಗಳನ್ನು ಕೈಗೆತ್ತಿಕೊಂಡರೆ ಭಾರ. ಎಡಕ್ಕೆ ವಾಲಿಸಿದರೆ ಸಾರು ಎಡಕ್ಕೆ ಹೋಯಿತು, ಬಲಕ್ಕೆ ವಾಲಿಸಿದರೆ ಬಲಕ್ಕೆ. ಎರಡು ಬೆರಳಷ್ಟು ಸಾರು. ಮುಂದಿನದೂ ಹಾಗೇ. ಅದರ ಮುಂದಿನದೂ ಹಾಗೇ. ನಲವತ್ತು ಬಟ್ಟಲಲ್ಲಿ ಮೂವತ್ತೊಂದು ಹೀಗೇ ಬಂದಿದ್ದವು. ಜೊತೆಗೆ ನೀರಿನ ಲೋಟಗಳು ಎಂದಿಗಿಂತ ಎರಡರಷ್ಟು. ತಟ್ಟೆಯಕ್ಕ ಕೈ ಒರೆಸಿಕೊಂಡು ಕಲ್ಲಿನ ಮೇಲೆ ಕೂತುಬಿಟ್ಟರು.

‘ಶಾವಿಗೆ ತಿಂದಿದ್ದಾರೆ, ಸೊಪ್ಪು ತಿಂದಿದ್ದಾರೆ. ಅಂದ್ರೆ ಹಸಿವಿದೆ, ಅಂಗಡಿ ಮೇಲೆ ಪ್ರೀತೀನೂ ಇದೆ. ಸಾರು ಮಾತ್ರ ಕುಡಿಯೋಕಾಗಿಲ್ಲ. ಅವತ್ತು ಆ ಹುಡುಗಿ ಹೇಳಿದ್ದು ಇದನ್ನೇ ಅಂತ ಆವಾಗ ಹೊಳೀತು. ನನ್ನ ನಾಲಿಗೆ ಸರಿಯಾಗೇ ಇತ್ತು. ನಾನೇ ನಂಬಲಿಲ್ಲ.’

ಪಕ್ಕದಲ್ಲಿ ಮೀನಂಗಡಿಯವನು, ಎಲ್ಲರ ಬಾಯಲ್ಲಿ ಮೀನಣ್ಣ, ಕೆಂಪು ತಟ್ಟೆಗಳನ್ನು ಒಯ್ಯಲು ಬಂದಿದ್ದ. ಬಟ್ಟಲುಗಳನ್ನು ನೋಡಿದ, ಇವರ ಮುಖ ನೋಡಿದ, ಕೂಡಲೇ ಅರ್ಥವಾಯಿತು. ಅವನಿಗೂ ಒಂದಷ್ಟು ದಿನದಿಂದ ಗುಮಾನಿ ಇತ್ತು. ‘ಅಕ್ಕ, ದಮ್ಮಯ್ಯ, ಇವತ್ತು ಬಾಯಿ ಬಿಡಬೇಡಿ. ನಾಳೆ ಸಭೆ ಇದೆ. ಎಲ್ಲರೂ ಕೈ ಎತ್ತೋದು ಅಜ್ಜನ ಮುಖ ನೋಡ್ಕೊಂಡು. ಇವತ್ತು ಅವರ ಮರ್ಯಾದೆ ತೆಗೆದ್ರೆ ನಾಳೆ ನಿಮ್ಮ ಪರ ನಿಲ್ತಾರಾ? ಭಾನುವಾರ ಹೇಳಿ.’

ಮಾತು ಸರಿಯಾಗಿಯೇ ಇತ್ತು. ತಟ್ಟೆಯಕ್ಕನಿಗೆ ಅಷ್ಟೂ ಬುದ್ಧಿ ಇಲ್ಲ ಎಂದಲ್ಲ. ಕೆಲಸ ಹೋದರೆ ಐವತ್ತೆಂಟರಲ್ಲಿ ಇನ್ನೊಂದು ಕಡೆ ಕರೆಯುವವರಿಲ್ಲ. ಬೆತ್ತ ಹೆಣೆದದ್ದರಲ್ಲಿ ಇಬ್ಬರ ಹೊಟ್ಟೆ ನಡೆಯುವುದಿಲ್ಲ. ಒಂದೇ ಒಂದು ದಿನ ಸುಮ್ಮನಿದ್ದರೆ ಸಾಕಿತ್ತು. ಆದರೆ ಭಾನುವಾರದವರೆಗೆ ಇನ್ನೂ ಮುನ್ನೂರು ಜನ ಆ ಸಾರು ಕುಡಿದು ಮುಖ ಸಿಂಡರಿಸುತ್ತಾರೆ, ಅಣ್ಣ ಅವರಿಗೆಲ್ಲ ನಗುನಗುತ್ತಾ ಬಡಿಸುತ್ತಿರುತ್ತಾರೆ. ಅದಾಗುವುದು ಬೇಡ ಎಂದು ಎದ್ದರಂತೆ.

ಹನ್ನೆರಡು ಬಟ್ಟಲುಗಳನ್ನು ಆರಿಸಿ, ದೊಡ್ಡ ತಟ್ಟೆಯೊಂದರ ಮೇಲೆ ಇಟ್ಟು, ಸಾರು ತುಳುಕದಂತೆ ಬೀದಿಯ ಉದ್ದಕ್ಕೂ ನಡೆದರು. ಮೂವತ್ತೊಂದು ವರ್ಷದಲ್ಲಿ ಒಂದು ತೊಳೆಯದ ಬಟ್ಟಲೂ ಅವರ ಕೈಯಿಂದ ಅಂಗಡಿಗೆ ವಾಪಸ್ಸು ಹೋದದ್ದಿಲ್ಲ. ಸಾರಿನಂಗಡಿಯ ಕಟ್ಟೆಯ ಮೇಲೆ ಹನ್ನೆರಡನ್ನೂ ಸಾಲಾಗಿ ಇಟ್ಟರು.

‘ಏನಿದು?’ ಎಂದರು ಅಜ್ಜ.

‘ನಿಮ್ಮ ಬಟ್ಟಲು ಅಣ್ಣ.’

‘ತೊಳೀದೆ ಯಾಕೆ ತಂದೆ?’

‘ನೀವು ನೋಡ್ಲಿ ಅಂತ.’

ಅಜ್ಜ ಒಂದೊಂದನ್ನೇ ಬಗ್ಗಿ ನೋಡಿದರು. ಪಾತ್ರೆಗೆ ಸೌಟು ಅದ್ದಿ ಸಾರನ್ನು ಬಾಯಿಗೆ ಬಿಟ್ಟುಕೊಂಡರು, ಚಪ್ಪರಿಸಿದರು. ‘ಸರಿಯಾಗೇ ಇದೆಯಲ್ಲ,’ ಎನ್ನುತ್ತಾ ಸೌಟನ್ನು ಮಗಳ ಕಡೆ ಚಾಚಿದರು. ಮಗಳು ಸೌಟು ತೆಗೆದುಕೊಳ್ಳಲಿಲ್ಲ. ಅವಳ ಕಣ್ಣಲ್ಲಿ ಆಗಲೇ ನೀರು ತುಂಬಿತ್ತು.

‘ನಿನಗೆ ಗೊತ್ತಿತ್ತಾ?’

‘ಗೊತ್ತಿತ್ತು ಅಪ್ಪ. ಜ್ವರ ಬಿಟ್ಟಾಗಿಂದ. ಹೇಗೆ ಹೇಳಲಿ? ನಾಲಿಗೆ ಕೈ ಕೊಟ್ಟ ದಿನ ಅಂಗಡಿ ಮುಚ್ತೀನಿ ಅಂತ ನೀನೇ ಅಂತಿದ್ದೆ. ನೀನು ಆ ಕಡೆ ತಿರುಗಿದಾಗಲೆಲ್ಲ ಬಿಸಿನೀರು ಹಾಕ್ತಿದ್ದೆ.’

‘ಅಯ್ಯೋ ಹುಡುಗಿ! ಅದಕ್ಕೇ ದಿನಾ ತೆಳ್ಳಗೆ ಕಾಣ್ತಿತ್ತಾ? ತೆಳ್ಳಗಾಯ್ತು ಅಂತ ನಾನು ಇನ್ನೊಂದು ಹಿಡಿ ಉಪ್ಪು ಹಾಕ್ತಿದ್ದೆನಲ್ಲೇ!’

ಬೇರೆ ದಿನವಾಗಿದ್ದರೆ ಬೀದಿಯೆಲ್ಲ ಬಿದ್ದುಬಿದ್ದು ನಗುತ್ತಿತ್ತು. ಅವತ್ತು ಯಾರೂ ನಗಲಿಲ್ಲ. ಅಜ್ಜ ಒಲೆ ಆರಿಸಿದರು. ಕ್ಯೂನಲ್ಲಿದ್ದವರಿಗೆ ಕೈ ಮುಗಿದು, ಇವತ್ತಿಲ್ಲ ಎಂದರು. ಏಳೂಕಾಲಿಗೆ ಅಂಗಡಿ ಮುಚ್ಚಿತು. ತಟ್ಟೆಯಕ್ಕನ ಕಡೆ ತಿರುಗಿಯೂ ನೋಡದೆ, ಚಪ್ಪಲಿ ಮೆಟ್ಟಿ ಮನೆಗೆ ನಡೆದರು. ‘ಅಣ್ಣ ನನ್ನ ಮಾತಾಡಿಸದೆ ಹೋಗಿದ್ದು ಅದೇ ಮೊದಲು.’

‘ಕೆಲಸದಿಂದ್ಲೂ ಕೈ ತೊಳ್ಕೊಂಡ್ರಲ್ಲ ಅಕ್ಕ,’ ಎಂದ ಮೀನಣ್ಣ. ಚುಚ್ಚಬೇಕೆಂದು ಅಂದದ್ದಲ್ಲ, ಅವನಿಗೂ ದುಃಖವೇ.

ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಕೂತಾಗ ಗಂಡ ತಮ್ಮ ತಟ್ಟೆ ಮುಗಿಸಿ, ಹೆಂಡತಿಯ ತಟ್ಟೆಯನ್ನು ಒಂದು ಗಳಿಗೆ ನೋಡಿದರು. ಅರ್ಧ ಅನ್ನ ಹಾಗೇ ಇತ್ತು. ‘ಇವತ್ತು ನಾನೇ ಓದ್ತೀನಿ. ಏನಾಯ್ತು ಹೇಳು,’ ಎಂದರು. ಆಗ ಎಲ್ಲ ಹೇಳಿಕೊಂಡು ಹಗುರಾದರು.

ಶನಿವಾರ ಸಾರಿನಂಗಡಿ ತೆರೆಯಲಿಲ್ಲ. ಮಧ್ಯಾಹ್ನ ಎರಡಕ್ಕೆ ಸಭೆ. ಖಾಲಿ ಮೇಜುಗಳ ನಡುವೆ ಹದಿನೆಂಟು ಅಂಗಡಿಯವರು ಕೂತಿದ್ದರು. ತಟ್ಟೆಯಕ್ಕನಿಗೆ ಸಂಘದಲ್ಲಿ ಸದಸ್ಯತ್ವವಿಲ್ಲ. ನಲ್ಲಿಯ ಪಕ್ಕದ ತಮ್ಮ ಕಲ್ಲಿನ ಮೇಲೆಯೇ ಕೂತು ಕೇಳಿಸಿಕೊಳ್ಳುತ್ತಿದ್ದರು. ಕಾರ್ಯದರ್ಶಿ ಪೇಪರ್ ಬಟ್ಟಲಿನ ಗುಣಗಳನ್ನೆಲ್ಲ ವಿವರಿಸಿ ಮುಗಿಸುವ ಹೊತ್ತಿಗೆ ಅಜ್ಜ ಬಂದರು. ಒಗೆದ ಅಂಗಿ, ಬಾಚಿದ ತಲೆ, ಕಂಕುಳಲ್ಲಿ ಒಂದು ನೀಲಿ ಬಟ್ಟಲು. ಕೂರದೆ ನಿಂತೇ ಮಾತಾಡಿದರು.

‘ಇಪ್ಪತ್ತು ದಿನದ ಮೇಲಾಯ್ತು, ನಾನು ಬಾಯಿಗಿಡೋಕಾಗದ ಸಾರು ಮಾರ್ತಿದ್ದೆ. ನೀವೆಲ್ಲ ಕುಡಿದ್ರಿ. ಒಬ್ರಾದ್ರೂ ಹೇಳಿದ್ರಾ? ದೊಡ್ಡವರು, ಬೇಜಾರಾಗತ್ತೆ ಅಂತ ಸುಮ್ಮನಿದ್ರಿ. ಗಿರಾಕಿ ಹೇಳಲ್ಲ, ಸುಮ್ಮನೆ ಇನ್ನೊಂದು ಅಂಗಡಿಗೆ ಹೋಗ್ತಾನೆ. ಕಸದ ಡಬ್ಬಿ ಅಂತೂ ಹೇಳಲ್ಲ. ಹೇಳಿದ್ದು ಆ ತಂಗಿ ಒಬ್ಬಳೇ. ಅದೂ ಇವತ್ತು ನೀವು ಅವಳ ಕೆಲಸ ತೆಗೀತೀರಿ ಅಂತ ಗೊತ್ತಿದ್ದೂ, ನಿನ್ನೆ ಬಂದು ಹೇಳಿದಳು.’ ಬಟ್ಟಲನ್ನು ಮೇಜಿನ ಮೇಲಿಟ್ಟರು. ‘ನನ್ನ ಅಂಗಡಿಗೆ ಇದೇ ಇರಲಿ. ಉಳಿದವರು ನಿಮ್ಮಿಷ್ಟ.’

‘ಅಜ್ಜ, ಆದ್ರೆ ಶುಚಿತ್ವ...’ ಎಂದರು ಕಾರ್ಯದರ್ಶಿ.

‘ಅವಳ ಮೂರನೇ ಟಬ್ಬಿಗೆ ನಿನ್ನ ಕೈ ಹಾಕಿ ನೋಡಪ್ಪ. ಆಮೇಲೆ ಶುಚಿತ್ವ ಮಾತಾಡೋಣ.’

ಆಗ ಬೀದಿ ನಕ್ಕಿತು. ಹಿಂದಿನ ದಿನದ ನಗುವನ್ನೂ ಸೇರಿಸಿಕೊಂಡು ನಕ್ಕಿತು.

ಹಾಗೆಂದು ಎಲ್ಲರೂ ಒಂದೇ ಮಾತಿಗೆ ಮನಸ್ಸು ಬದಲಿಸಿದರು ಎನ್ನುವಂತಿಲ್ಲ. ಕಟ್ಟಿಸಿಕೊಂಡು ಹೋಗುವವರಿಗೆ ಪೇಪರು, ಕೂತು ತಿನ್ನುವವರಿಗೆ ತಟ್ಟೆ ಎಂದು ಹದಿಮೂರು ಅಂಗಡಿಯವರು ಕೈ ಎತ್ತಿದರು. ಆರು ಅಂಗಡಿಯವರು ಪೂರ್ತಿ ಪೇಪರಿಗೇ ಹೋದರು. ತಟ್ಟೆಯಕ್ಕನ ದಿನದ ಲೆಕ್ಕ ಸಾವಿರದ ನಾನೂರರಿಂದ ಒಂಬೈನೂರಕ್ಕೆ ಇಳಿದಿದೆ. ಸಂಬಳ ಇಳಿಸಬಾರದೆಂದು ಅಜ್ಜ ಪಟ್ಟು ಹಿಡಿದದ್ದರಿಂದ ಅದು ಹಾಗೇ ಉಳಿಯಿತು. ‘ಬೆರಳಿಗೂ ವಯಸ್ಸಾಯ್ತು, ಒಂಬೈನೂರು ಸರಿಹೋಯ್ತು,’ ಎನ್ನುತ್ತಾರೆ. ಆದರೆ ಆ ಆರು ಅಂಗಡಿಗಳ ಕಡೆ ನೋಡುವಾಗ ಅವರಿಗೆ ಏನೋ ಕಸಿವಿಸಿ. ಅಲ್ಲಿ ಜನ ಏನು ಬಿಟ್ಟು ಹೋಗುತ್ತಿದ್ದಾರೋ ಗೊತ್ತಾಗುವುದಿಲ್ಲವಲ್ಲ ಎಂಬ ಚಡಪಡಿಕೆ. ಒಂದೆರಡು ಸಲ ಕಸದ ಡಬ್ಬಿಯೊಳಗೆ ಇಣುಕಿದ್ದೂ ಉಂಟಂತೆ.

ಸಭೆಯ ಮಾರನೆಯ ದಿನ, ಭಾನುವಾರ, ಸಾರಿನಂಗಡಿಯ ಒಲೆ ಮತ್ತೆ ಹೊತ್ತಿತು. ಉಪ್ಪಿನ ಡಬ್ಬಿ ಈಗ ಮಗಳ ಕೈಯಲ್ಲಿದೆ. ಅವಳು ಚಮಚದಲ್ಲಿ ಅಳೆದು ಹಾಕುತ್ತಾಳೆ. ಅಜ್ಜ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಪಕ್ಕದಲ್ಲಿ ನಿಲ್ಲುತ್ತಾರೆ. ಕಟ್ಟಿಕೊಳ್ಳದಿದ್ದರೆ ಕೈ ತಾನಾಗಿಯೇ ಉಪ್ಪಿಗೆ ಹೋಗುತ್ತದೆ ಎಂಬುದು ಅವರ ದೂರು. ಅವತ್ತು ಮೊದಲ ಬಟ್ಟಲನ್ನು ತಾವೇ ಹೊತ್ತು ತಂದು ತಟ್ಟೆಯಕ್ಕನ ಕೈಗಿಟ್ಟರಂತೆ. ‘ಹೇಗಿದೆ ತಂಗಿ?’ ಎಂದಷ್ಟೇ ಕೇಳಿದರು. ‘ನನ್ನ ನಾಲಿಗೆ ಕೇಳಬೇಡಿ ಅಣ್ಣ, ಡಾಕ್ಟರು ಕೆಡಿಸಿಟ್ಟಿದ್ದಾರೆ. ಬಟ್ಟಲು ಬರ್ಲಿ, ಹೇಳ್ತೀನಿ,’ ಎಂದರು ಇವರು.

ಅಂದಿನಿಂದ ದಿನವೂ ಇದೇ ನಡೆಯುತ್ತಿದೆ.

ಇಷ್ಟು ವರ್ಷ ದುಡಿದದ್ದಕ್ಕೆ ನಿಮಗೇನಾಗಬೇಕು ಎಂದು ಕೇಳಿದರೆ ತಟ್ಟೆಯಕ್ಕ ಮೊದಲು ಒಲೆಯ ಕಡೆ ಕೈ ತೋರಿಸುತ್ತಾರೆ. ಒಲೆಯಿಂದ ಬಿಸಿನೀರು ಎತ್ತಿ ತರುವಾಗ ಸೊಂಟ ಹಿಡಿಯುತ್ತದೆ, ಆದ್ದರಿಂದ ಬಿಸಿನೀರಿಗೊಂದು ನಲ್ಲಿ ಹಾಕಿಸಿದರೆ ಸಾಕು. ಇನ್ನೇನೂ ಬೇಡವೇ? ‘ಇನ್ನೊಂದಿದೆ, ನಗಬಾರದು,’ ಎಂದು ದನಿ ತಗ್ಗಿಸುತ್ತಾರೆ. ‘ಒಂದು ದಿನ ಗಿರಾಕಿ ಥರ ಮೇಜಿಗೆ ಕೂತು ತಿನ್ನಬೇಕು. ತಿಂದು, ತಟ್ಟೆ ಅಲ್ಲೇ ಬಿಟ್ಟು, ಹಿಂದೆ ತಿರುಗಿ ನೋಡದೆ ಎದ್ದು ಹೋಗಬೇಕು. ಆದ್ರೆ ಆಗಲ್ಲ ಬಿಡಿ. ನನ್ನ ತಟ್ಟೇನ ನಾನೇ ನೋಡದೆ ಹೋದ್ರೆ ನಿದ್ದೆ ಬರಲ್ಲ.’

ಅಷ್ಟರಲ್ಲಿ ಗಂಟೆ ಆರೂಕಾಲು. ಬೆನ್ನಿಗೆ ಚೀಲ ಹೊತ್ತ ಇಬ್ಬರು ಪ್ರವಾಸಿಗರು ನಲ್ಲಿಯಲ್ಲಿ ಕೈ ತೊಳೆದು, ಬೆರಳನ್ನು ಬಾಯಿಗೆ ತೋರಿಸಿ, ಎಲ್ಲಿ ಎಂಬಂತೆ ಹುಬ್ಬು ಹಾರಿಸುತ್ತಾರೆ. ತಟ್ಟೆಯಕ್ಕ ಅಂಗೈ ಎತ್ತಿ ತಡೆಯಿರಿ ಎನ್ನುತ್ತಾರೆ. ಪ್ರವಾಸಿಗರು ಅರ್ಥವಾಗದೆ ನಿಲ್ಲುತ್ತಾರೆ. ಮೊದಲ ಗಾಡಿ ಗಡಗಡ ಎಂದು ಬರುತ್ತದೆ. ಬೀದಿಯ ಆ ತುದಿಯಲ್ಲಿ ಸಾರಿನಜ್ಜ, ಕೈಗಳು ಬೆನ್ನ ಹಿಂದೆ, ಕತ್ತು ಉದ್ದ ಮಾಡಿ ಇತ್ತಲೇ ನೋಡುತ್ತಿದ್ದಾರೆ. ರಾಶಿಯಿಂದ ಒಂದು ನೀಲಿ ಬಟ್ಟಲನ್ನು ಆರಿಸಿ, ತಲೆಗಿಂತ ಮೇಲೆ ಎತ್ತಿ, ತಟ್ಟೆಯಕ್ಕ ಅದನ್ನು ಬೋರಲು ಹಾಕುತ್ತಾರೆ.

ಒಂದು ಹನಿಯೂ ಬೀಳುವುದಿಲ್ಲ. ಆ ತುದಿಯಲ್ಲಿ ಅಜ್ಜ ಬೆನ್ನ ಹಿಂದಿನ ಕೈ ಬಿಚ್ಚಿ, ಸ್ಟೂಲು ಎಳೆದುಕೊಂಡು ಕೂರುತ್ತಾರೆ.

‘ಈಗ ಹೋಗಿ,’ ಎಂದು ತಟ್ಟೆಯಕ್ಕ ಪ್ರವಾಸಿಗರಿಗೆ ದಾರಿ ತೋರಿಸುತ್ತಾರೆ.